ಓದುಗರ ಪ್ರಶ್ನೆ: ಬಾಣಕ್ಕೆ ಹೆಸರಿಡದ ಡಿಎಫ್‌ಡಿ

ಪ್ರಶ್ನೆ: ಊರಿನ ಹಾಲು ಉತ್ಪಾದಕರ ಸಂಘದ ಲೆಕ್ಕಕ್ಕೆ ಸಾಫ್ಟ್‌ವೇರ್ ಮಾಡುವುದು ನಮ್ಮ ಪ್ರಾಜೆಕ್ಟ್. ಡೇಟಾ ಫ್ಲೋ ಡಯಾಗ್ರಾಮ್‌ನಲ್ಲಿ (ಡಿಎಫ್‌ಡಿ) ಸದಸ್ಯರು, ಕಾರ್ಯದರ್ಶಿ, ಕ್ಯಾನು, ಲಾರಿ, ಒಕ್ಕೂಟ ಎಲ್ಲವನ್ನೂ ತೋರಿಸಿದ್ದೆವು. ‘ಇದು ಡಿಎಫ್‌ಡಿ ಅಲ್ಲ, ಹಾಲು ಹೋಗುವ ದಾರಿ’ ಎಂದು ಗೈಡ್ ವಾಪಸ್ ಕೊಟ್ಟರು. ಎಲ್ಲಿ ತಪ್ಪಿದ್ದೇವೆ?
– ಬಿಸಿಎ ವಿದ್ಯಾರ್ಥಿನಿ, ಮದ್ದೂರು

ಉತ್ತರ: ನಿಮ್ಮ ಗೈಡ್ ಹೇಳಿದ್ದು ಸರಿ. ಡಿಎಫ್‌ಡಿಯಲ್ಲಿ ಹರಿಯುವುದು ಮಾಹಿತಿ ಮಾತ್ರ. ಸದಸ್ಯರು ಹಾಲು ಅಳೆದಾಗ ನಿಮ್ಮ ಸಿಸ್ಟಮ್‌ಗೆ ಬರುವುದು ಸದಸ್ಯ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ). ಕ್ಯಾನು, ಲಾರಿ ಎರಡನ್ನೂ ಅಳಿಸಿಬಿಡಿ. ಕಾರ್ಯದರ್ಶಿಯವರನ್ನೂ ಚೌಕದಿಂದ ತೆಗೆಯಿರಿ. ಅವರು ಸಂಘದ ಒಳಗೇ ಕೂತು ಲೆಕ್ಕ ಬರೆಯುವವರು. ಅವರ ಕೆಲಸವೇ ನಿಮ್ಮ ಪ್ರೊಸೆಸ್, ಅಂದರೆ ಮಾಹಿತಿಯನ್ನು ಸಂಸ್ಕರಿಸುವ ಕೆಲಸ. ಹೊರಗಿದ್ದುಕೊಂಡು ಮಾಹಿತಿ ಕೊಡುವವರಿಗೆ ಅಥವಾ ಪಡೆಯುವವರಿಗೆ ಮಾತ್ರ ಚೌಕ. ಇಲ್ಲಿ ಸದಸ್ಯರು, ಒಕ್ಕೂಟ, ಬ್ಯಾಂಕ್, ಈ ಮೂರೇ ಸಾಕು. ಫ್ಯಾಟ್ ಅಳೆಯುವ ಯಂತ್ರದಿಂದ ಅಂಕಿ ನೇರವಾಗಿ ಕೇಬಲ್ ಮೂಲಕ ಕಂಪ್ಯೂಟರಿಗೆ ಬರುವುದಾದರೆ ಆ ಯಂತ್ರಕ್ಕೂ ಒಂದು ಚೌಕ ಕೊಡಬಹುದು.

ಮೊದಲು ಕಾಂಟೆಕ್ಸ್ಟ್ ಚಿತ್ರ ಬರೆಯಿರಿ. ನಡುವೆ ಒಂದೇ ಪ್ರೊಸೆಸ್, ಸುತ್ತ ಚೌಕಗಳು, ಪ್ರತಿ ಬಾಣದ ಮೇಲೆ ಹೆಸರು. ಇದರಲ್ಲಿ ಡೇಟಾ ಸ್ಟೋರ್ (ಮಾಹಿತಿ ಕೂಡಿಡುವ ಜಾಗ) ಬರಕೂಡದು. ಅದರ ಕೆಳಗಿನ ಹಂತದಲ್ಲಿ ಐದು ಪ್ರೊಸೆಸ್ ಇಡಿ: ಹಾಲು ದಾಖಲಿಸು, ಫೀಡ್ (ಪಶು ಆಹಾರ) ಮಾರಾಟ ದಾಖಲಿಸು, ದರಪಟ್ಟಿ ತಿದ್ದು, ಬಟವಾಡೆ ಲೆಕ್ಕ ಹಾಕು, ಒಕ್ಕೂಟಕ್ಕೆ ರವಾನೆ ವರದಿ ತಯಾರಿಸು. ಪ್ರೊಸೆಸ್ ಹೆಸರು ಕ್ರಿಯಾಪದದಲ್ಲಿ ಮುಗಿಯಲಿ, ಬಾಣದ ಹೆಸರು ನಾಮಪದವಾಗಿರಲಿ. ‘ಮಾಹಿತಿ’, ‘ಡೇಟಾ’ ಎಂದು ಬಾಣದ ಮೇಲೆ ಬರೆದರೆ ಏನೂ ಬರೆಯದಂತೆಯೇ. (ಕೆಲವು ಪಠ್ಯಪುಸ್ತಕಗಳು ಕಾಂಟೆಕ್ಸ್ಟ್ ಚಿತ್ರವನ್ನೇ ಲೆವೆಲ್ ಝೀರೊ ಎನ್ನುತ್ತವೆ, ಕೆಲವು ಅದರ ಕೆಳಗಿನದನ್ನು. ನಿಮ್ಮ ಕಾಲೇಜಿನ ರೂಢಿ ಯಾವುದೆಂದು ಕೇಳಿಕೊಳ್ಳಿ.)

ಈಗ ಬಟವಾಡೆ ಪ್ರೊಸೆಸ್ ಒಂದನ್ನೇ ಹಿಡಿದು ಪರೀಕ್ಷೆ ಮಾಡಿ. ಹೊರಗೆ ಹೋಗುವ ಬಾಣ ‘ಬಟವಾಡೆ ಚೀಟಿ’. ಅದರಲ್ಲಿ ಏನೇನಿದೆ ಎಂದು ಡೇಟಾ ಡಿಕ್ಷನರಿಯಲ್ಲಿ ಬಿಡಿಸಿ:

ಬಟವಾಡೆ ಚೀಟಿ = ಸದಸ್ಯ ಸಂಖ್ಯೆ + ಅವಧಿ + {ದಿನಾಂಕ + [ಬೆಳಗ್ಗೆ | ಸಂಜೆ] + ಲೀಟರ್ + ಫ್ಯಾಟ್ + ಎಸ್‌ಎನ್‌ಎಫ್ + ದರ} + ಒಟ್ಟು ಮೊತ್ತ + (ಫೀಡ್ ಕಡಿತ) + ಕೈಗೆ ಬರುವ ಮೊತ್ತ

ಪುಷ್ಪಾವರಣದಲ್ಲಿರುವುದು ಮತ್ತೆ ಮತ್ತೆ ಬರುವಂಥದ್ದು, ಚೌಕಾವರಣದಲ್ಲಿ ಎರಡರಲ್ಲೊಂದು, ದುಂಡಾವರಣದಲ್ಲಿರುವುದು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇನ್ನು ಈ ಪ್ರೊಸೆಸ್‌ಗೆ ಒಳಬರುವ ಬಾಣಗಳನ್ನು ನೋಡಿ. ಹಾಲಿನ ಲೆಕ್ಕದ ಸ್ಟೋರ್‌ನಿಂದ ಒಂದೇ ಬಾಣ ಬಂದಿದ್ದರೆ ಫೀಡ್ ಕಡಿತ ಎಲ್ಲಿಂದ ಹುಟ್ಟಿತು? ದರ ಎಲ್ಲಿಂದ ಬಂತು? ಒಳಗೆ ಬಂದದ್ದು ಹೊರಗೆ ಹೋಗುವುದಕ್ಕೆ ಸಾಲದಿರುವ ಇಂಥ ದೋಷವನ್ನು ಗ್ರೇ ಹೋಲ್ ಎನ್ನುತ್ತಾರೆ. ಏನೂ ಒಳಬರದೆ ಫಲ ಮಾತ್ರ ಬರುವುದು ಮಿರಾಕಲ್, ಒಳಬಂದದ್ದು ಹೊರಗೇ ಬಾರದಿರುವುದು ಬ್ಲ್ಯಾಕ್ ಹೋಲ್. ಆ ಎರಡು ನೋಡಿದ ಕೂಡಲೇ ಸಿಕ್ಕಿಬೀಳುತ್ತವೆ. ಗ್ರೇ ಹೋಲ್ ಮಾತ್ರ ಡಿಕ್ಷನರಿ ಬರೆಯುವವರೆಗೆ ಕಣ್ಣಿಗೆ ಬೀಳುವುದಿಲ್ಲ. ಹೆಚ್ಚಿನವರು ಡಿಕ್ಷನರಿಯನ್ನು ಕೊನೆಗೆ, ರಿಪೋರ್ಟಿನ ಪುಟ ತುಂಬಿಸಲು ಬರೆಯುತ್ತಾರೆ. ಚಿತ್ರದ ಜೊತೆಜೊತೆಗೇ ಬರೆಯಿರಿ.

ದರಪಟ್ಟಿಯ ಸ್ಟೋರ್‌ನಲ್ಲಿ ‘ಜಾರಿ ದಿನಾಂಕ’ ಇರಲೇಬೇಕು. ಅದಿಲ್ಲದಿದ್ದರೆ, ಅವಧಿಯ ನಡುವೆ ಒಕ್ಕೂಟ ದರ ಬದಲಿಸಿದಾಗ ಹಳೆ ದಿನಗಳ ಹಾಲಿಗೂ ಹೊಸ ದರವೇ ಕೂತುಬಿಡುತ್ತದೆ. ಆಮೇಲೆ ಡೇರಿ ಮುಂದೆ ಜಗಳ.

ಸರ್ಕಾರ ಲೀಟರಿಗೆ ಕೊಡುವ ಪ್ರೋತ್ಸಾಹಧನವನ್ನು ಬಟವಾಡೆಗೆ ಸೇರಿಸಬೇಡಿ. ಅದು ಸದಸ್ಯರ ಬ್ಯಾಂಕ್ ಖಾತೆಗೆ ಬೇರೆಯಾಗಿ ಬೀಳುವ ಹಣ. ಅದಕ್ಕಾಗಿ ಸಂಘ ಕಳುಹಿಸುವ ಸದಸ್ಯವಾರು ಲೀಟರ್ ಪಟ್ಟಿ ಮಾತ್ರ ನಿಮ್ಮ ಚಿತ್ರದ ಬಾಣ. ಅದನ್ನು ಕೆಳಹಂತದಲ್ಲಿ ತೋರಿಸಿದರೆ ಕಾಂಟೆಕ್ಸ್ಟ್ ಚಿತ್ರದಲ್ಲೂ ಇರಬೇಕು. ಮೇಲೆ ಇಲ್ಲದ ಹೊರಬಾಣ ಕೆಳಗೆ ದಿಢೀರನೆ ಕಾಣಿಸಿಕೊಂಡರೆ ಬ್ಯಾಲೆನ್ಸಿಂಗ್ ತಪ್ಪಿದೆ ಎಂದರ್ಥ.

ಪ್ರಶ್ನೆ: ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜ್‌ನಿಂದ (ಗಾಡಿ ತೂಗುವ ಕಟ್ಟೆ) ರೈತರ ಬಿಲ್‌ವರೆಗೆ ಡಿಎಫ್‌ಡಿ ಬರೆಯುತ್ತಿದ್ದೇನೆ. ‘14 ದಿನ ಮೀರಿದರೆ ಬಡ್ಡಿ’ ಎಂಬುದಕ್ಕೆ ಡೈಮಂಡ್ ಹಾಕಬಹುದೇ?
– ಪ್ರೋಗ್ರಾಮರ್, ಪಾಂಡವಪುರ

ಉತ್ತರ: ಹಾಕಬೇಡಿ. ಷರತ್ತು ತೋರಿಸುವ ಡೈಮಂಡ್ ಆಕಾರ ಫ್ಲೋಚಾರ್ಟಿನದು. ಯಾವುದು ಮೊದಲು, ಯಾವುದು ಆಮೇಲೆ, ಯಾವ ಷರತ್ತಿಗೆ ಯಾವ ದಾರಿ ಎಂಬುದನ್ನು ಡಿಎಫ್‌ಡಿ ಹೇಳುವುದೇ ಇಲ್ಲ. ನಿಯಮವನ್ನು ಆ ಪ್ರೊಸೆಸ್‌ನ ವಿವರಣೆಯಲ್ಲಿ ಡಿಸಿಷನ್ ಟೇಬಲ್ (ಯಾವ ಷರತ್ತಿಗೆ ಯಾವ ಕ್ರಮ ಎಂಬ ಕೋಷ್ಟಕ) ಆಗಿ ಬರೆಯಿರಿ. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಬೇರೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ. ಅಂದರೆ ಪ್ರಶ್ನೆ ಎರಡು: ಒಪ್ಪಂದ ಇದೆಯೇ, ಗಡುವು ಮೀರಿತೇ. ಎರಡು ಹೌದು–ಇಲ್ಲ ಪ್ರಶ್ನೆಗಳಿಗೆ ಟೇಬಲ್‌ನಲ್ಲಿ ನಾಲ್ಕು ಕಾಲಂ. ಚಿತ್ರದಲ್ಲಿ ಕಾಣಬೇಕಾದದ್ದು ಇಷ್ಟೇ: ಕಬ್ಬು ಒಪ್ಪಿಸಿದ ದಿನಾಂಕ, ಒಪ್ಪಂದದ ವಿವರ, ಪಾವತಿ ದಿನಾಂಕ ಮೂರೂ ಆ ಪ್ರೊಸೆಸ್‌ಗೆ ಬಂದು ಸೇರಬೇಕು.

ನೀವು ಕೇಳದ ಇನ್ನೊಂದು ಮಾತು. ತುಂಬಿದ ಗಾಡಿಯ ತೂಕ ಒಮ್ಮೆ, ಕಬ್ಬು ಇಳಿಸಿದ ಮೇಲೆ ಖಾಲಿ ತೂಕ ಇನ್ನೊಮ್ಮೆ. ನಡುವೆ ಗಂಟೆಗಟ್ಟಲೆ ಅಂತರವಿರಬಹುದು. ಹೀಗೆ ಕಾಯುವ ಮಾಹಿತಿಗೆ ಸ್ಟೋರ್ ಬೇಕು. ಒಂದು ಪ್ರೊಸೆಸ್‌ನಿಂದ ಇನ್ನೊಂದಕ್ಕೆ ನೇರ ಬಾಣ ಎಳೆದರೆ, ಕೊಟ್ಟ ತಕ್ಷಣ ತೆಗೆದುಕೊಳ್ಳುತ್ತದೆ ಎಂದಾಗುತ್ತದೆ. ಆ ಚಿತ್ರ ನಂಬಿ ಕೋಡ್ ಬರೆದವರು ತುಂಬಿದ ತೂಕವನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತಾರೆ. ಕರೆಂಟ್ ಹೋದರೆ ಯಾರ್ಡಿನಲ್ಲಿ ನಿಂತ ಗಾಡಿಗಳ ತೂಕವೂ ಹೋಗುತ್ತದೆ. ಸ್ಟೋರ್‌ನಲ್ಲಿ ಗಾಡಿ ಸಂಖ್ಯೆ ಒಂದೇ ಸಾಲದು, ಅದೇ ಗಾಡಿ ದಿನದಲ್ಲಿ ಮತ್ತೆ ಬರಬಹುದು. ಪ್ರತಿ ಲೋಡಿಗೂ ಬೇರೆ ಟೋಕನ್ ಸಂಖ್ಯೆ ಇಡಿ.

ಪ್ರಶ್ನೆ: ಪ್ರೊಸೆಸ್‌ಗೆ ವೃತ್ತ ಹಾಕಬೇಕೋ, ಮೂಲೆ ದುಂಡಗಿನ ಪೆಟ್ಟಿಗೆಯೋ? ಅಲ್ಲದೆ ಯುಎಂಎಲ್ (ಸಾಫ್ಟ್‌ವೇರ್ ವಿನ್ಯಾಸದ ಚಿತ್ರಭಾಷೆ) ಬಂದ ಮೇಲೂ ಡಿಎಫ್‌ಡಿ ಬೇಕೇ?
– ಉಪನ್ಯಾಸಕರು, ಮೈಸೂರು

ಉತ್ತರ: ವೃತ್ತ ಯೂರ್ಡನ್–ಡಿಮಾರ್ಕೊ ಪದ್ಧತಿ, ದುಂಡುಮೂಲೆಯ ಪೆಟ್ಟಿಗೆ ಗೇನ್–ಸಾರ್ಸನ್ ಪದ್ಧತಿ. ಎರಡೂ 1970ರ ದಶಕದವು, ಅರ್ಥ ಒಂದೇ. ಒಂದೇ ರಿಪೋರ್ಟಿನಲ್ಲಿ ಬೆರೆಸದಿದ್ದರೆ ಸಾಕು. ಪೆಟ್ಟಿಗೆಯಲ್ಲಿ ಸಂಖ್ಯೆ, ಹೆಸರು ಎರಡಕ್ಕೂ ಜಾಗ ಸಿಗುತ್ತದೆ. ಕನ್ನಡದ ಉದ್ದ ಹೆಸರುಗಳಿಗೆ ಅದೇ ಅನುಕೂಲ.

ಯುಎಂಎಲ್‌ನ ಚಿತ್ರಪ್ರಕಾರಗಳಲ್ಲಿ ಡಿಎಫ್‌ಡಿ ಇಲ್ಲ. ಆಕ್ಟಿವಿಟಿ ಡಯಾಗ್ರಾಮ್ ಮುಖ್ಯವಾಗಿ ಕೆಲಸದ ಕ್ರಮ ತೋರಿಸುತ್ತದೆ, ಆದ್ದರಿಂದ ಅದು ಇದಕ್ಕೆ ಬದಲಿಯಲ್ಲ. ಕೋಡ್ ವಿನ್ಯಾಸಕ್ಕೆ ಡಿಎಫ್‌ಡಿ ಬಳಕೆ ಕಡಿಮೆಯಾಗಿದೆ ನಿಜ. ಆದರೆ ಭದ್ರತಾ ಪರಿಶೀಲನೆಯಲ್ಲಿ, ಥ್ರೆಟ್ ಮಾಡೆಲಿಂಗ್‌ನಲ್ಲಿ (ಅಪಾಯ ಎಲ್ಲಿಂದ ಬರಬಹುದೆಂದು ಮೊದಲೇ ಗುರುತಿಸುವುದು), ಇದೇ ಚಿತ್ರ ಈಗಲೂ ನಡೆಯುತ್ತಿದೆ. ನಂಬಿಕೆಯ ಗಡಿಯನ್ನು (ನಮ್ಮ ಹಿಡಿತ ಮುಗಿಯುವ ಜಾಗ) ಚುಕ್ಕೆಗೆರೆಯಲ್ಲಿ ಎಳೆದು, ಅದನ್ನು ದಾಟುವ ಪ್ರತಿ ಬಾಣವನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುತ್ತಾರೆ. ತರಗತಿಯಲ್ಲಿ ಹಾಲಿನ ಸಂಘದ ಉದಾಹರಣೆಗೇ ಆ ಗೆರೆ ಎಳೆಸಿ ನೋಡಿ: ಬ್ಯಾಂಕಿಗೆ ಹೋಗುವ ಪಾವತಿ ಪಟ್ಟಿಯಿಂದ ಶುರು ಮಾಡಬಹುದು.