ಕಡಲ ಹೂಳಿನ ವಯಸ್ಸು ಹೇಳಲು ಸೀಸ-210 ಒಂದೇ ಸಾಕಾ?

ವಿಕಿರಣ ಸೂಸುತ್ತಾ ಕಡಿಮೆಯಾಗುತ್ತಾ ಹೋಗುವ ಸೀಸ-210 ಅಳೆದರೆ ಕಡಲ ಹೂಳಿನ ವಯಸ್ಸು ಸಿಗುತ್ತಲ್ವಾ, ಮತ್ತೆ ಸೀಸಿಯಂ-137 ಯಾಕೆ ಅಂತ ಕೇಳಿದ್ದೀರಿ. ನಾನು ಇದೇ ಕೆಲಸದಲ್ಲಿದ್ದೇನೆ. ಸೀಸ ಒಂದನ್ನೇ ನಂಬಬೇಡಿ ಅಂತಲೇ ಹೇಳುತ್ತೇನೆ.

ನೆಲದಿಂದ ರೇಡಾನ್ ಅನಿಲ ಗಾಳಿಗೆ ಸೇರುತ್ತದೆ. ಅದು ಒಡೆಯುತ್ತಾ ಹೋಗಿ ಸೀಸ-210 ಆಗುತ್ತದೆ. ಮಳೆಯ ಜೊತೆ ಇಳಿದು ಕೆಸರಿನ ಕಣಕ್ಕೆ ಅಂಟಿ ತಳ ಸೇರುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅರ್ಧವಾಗುವುದರಿಂದ 100-150 ವರ್ಷದವರೆಗೆ ಲೆಕ್ಕ ಸಿಗುತ್ತದೆ. ಆದರೆ ಕೆಸರಿನೊಳಗಿನ ರೇಡಿಯಂನಿಂದಲೂ ಸೀಸ-210 ಹುಟ್ಟುತ್ತಿರುತ್ತದೆ. ಅದನ್ನು ಕಳೆದು ಉಳಿದದ್ದನ್ನಷ್ಟೇ ಹಿಡಿಯಬೇಕು. ರೇಡಿಯಂ ಎಷ್ಟಿದೆ ಅಂತ ಅದರಿಂದ ಹುಟ್ಟುವ ರೇಡಾನ್ ಮೂಲಕ ತಿಳಿಯುತ್ತೇವೆ. ಇದಕ್ಕೇ ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ಮೂರು ವಾರ ಬಿಡುತ್ತೇವೆ. ರೇಡಾನ್ ಸೋರಿತೋ, ರೇಡಿಯಂ ಲೆಕ್ಕ ಕಡಿಮೆ ಬರುತ್ತದೆ.

ಈಗ ಒಂದು ಲೆಕ್ಕ ಮಾಡೋಣ. 10 ಸೆಂ.ಮೀ. ಆಳದಲ್ಲಿ ಸೀಸ ಅರ್ಧವಾಗಿದೆ ಅಂದುಕೊಳ್ಳಿ. ಅಂದರೆ ವರ್ಷಕ್ಕೆ 4.5 ಮಿ.ಮೀ. ಹೂಳು. ಸರಿಯಾಗೇ ಕಾಣುತ್ತದೆ. ಆದರೆ ಕಡಲ ತಳದಲ್ಲಿ ಹುಳುಗಳು, ಏಡಿಗಳು ಸುಮ್ನೆ ಇರುವುದಿಲ್ಲ. ಬಿಲ ತೋಡಿ ಮೇಲಿನ ಹೊಸ ಕೆಸರನ್ನು ಕೆಳಗೆ ತಳ್ಳುತ್ತವೆ. ಹೂಳು ಹೆಚ್ಚೇನೂ ಬೀಳದಿದ್ದರೂ, ಈ ಕಲಸಾಟ ಒಂದೇ, ಆಳಕ್ಕೆ ಹೋದಂತೆ ಸೀಸ ಕಡಿಮೆಯಾಗುವ ಅಂಥದ್ದೇ ಅಂದವಾದ ಇಳಿಜಾರನ್ನು ತೋರಿಸಬಲ್ಲದು! ಗ್ರಾಫ್ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಸೀಸಿಯಂ ಬೇಕಾಗುವುದು ಇಲ್ಲೇ. ಅದು ಪ್ರಕೃತಿಯದಲ್ಲ, ಅಣುಬಾಂಬ್ ಪರೀಕ್ಷೆಗಳ ಬೂದಿ. 1950ರ ದಶಕದ ಮೊದಲು ಹೂಳಿನಲ್ಲಿ ಅದು ಅಳೆಯುವಷ್ಟು ಇರಲಿಲ್ಲ. ಉತ್ತರ ಗೋಳಾರ್ಧದಲ್ಲಿ 1963ರಲ್ಲಿ ಅತಿ ಹೆಚ್ಚು ಬಿತ್ತು, ಯುರೋಪಿನಲ್ಲಿ 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ಗುರುತೂ ಸಿಗುತ್ತದೆ. ತಳಕ್ಕೆ ಇಳಿಸಿ, ಕೆಸರು ತುಂಬಿಸಿ 2023ರಲ್ಲಿ ತೆಗೆದ ಕೊಳವೆಯಾದರೆ, ಮೇಲಿನ ಲೆಕ್ಕದಂತೆ 1963ರ ಗುರುತು 27 ಸೆಂ.ಮೀ. ಸುತ್ತಮುತ್ತ ಇರಬೇಕು. ಸೀಸದ ಪ್ರಕಾರ 1900ನೇ ಇಸವಿಯ ಪದರದಲ್ಲೂ ಸೀಸಿಯಂ ಸಿಕ್ಕಿತಾ? ಹಾಗಾದರೆ ಆ ವಯಸ್ಸನ್ನು ಬರೆಯಬೇಡಿ.

ಸೀಸಿಯಂ ಉಪ್ಪುನೀರಿನಲ್ಲಿ ಕರಗಿ ಜಾಗ ಬದಲಿಸುವುದೂ ಉಂಟು. ಅದಕ್ಕೇ ಕಡಲಿನಲ್ಲಿ ಅದೇ ಬಾಂಬ್ ಪರೀಕ್ಷೆಗಳಿಂದ ಬಂದ, ಕಣಕ್ಕೆ ಗಟ್ಟಿಯಾಗಿ ಅಂಟುವ ಪ್ಲುಟೋನಿಯಂ ಅಳೆಯುವವರೂ ಇದ್ದಾರೆ.

ಸೀಸ-210ರ ಉಪಾಯವನ್ನು 1963ರಲ್ಲಿ ಮುಂದಿಟ್ಟವರು ಅಮೆರಿಕದ ಕಡಲ ರಸಾಯನ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್. 1971ರಲ್ಲಿ ಅದನ್ನು ಕೆರೆ-ಸರೋವರಗಳ ಹೂಳಿಗೆ ಹಚ್ಚಿ ತೋರಿಸಿದವರಲ್ಲಿ ನಮ್ಮ ದೇಶದ ಕೃಷ್ಣಸ್ವಾಮಿ, ದೇವೇಂದ್ರ ಲಾಲ್ ಇದ್ದರು. ನನಗದು ತುಂಬಾ ಹೆಮ್ಮೆಯ ವಿಷಯ. ಮರುವರ್ಷ ಕಡಲಿಗೆ ಹಚ್ಚಿದಾಗ ಆಯ್ದ ಜಾಗ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ತಗ್ಗು. ಅಲ್ಲಿನ ತಳದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಬಿಲ ತೋಡುವ ಹುಳುಗಳ ಕಾಟ ಇಲ್ಲ. ವರ್ಷವರ್ಷದ ಪದರವನ್ನು ಕಣ್ಣಿನಿಂದಲೇ ಎಣಿಸಿ ತಾಳೆ ನೋಡಬಹುದು.

ನಿಮ್ಮ ಜಾಗ ಹಾಗಿರುವುದು ಅಪರೂಪ. ಹಾಗಾಗಿ ಕೊಳವೆಯನ್ನು ಕತ್ತರಿಸುವ ಮೊದಲು ಎಕ್ಸ್-ರೇ ತೆಗೆಸಿ, ಬಿಲಗಳಿದ್ದರೆ ಕಾಣುತ್ತವೆ. ಹೋಳು ಮಾಡುವಾಗ ಕೊಳವೆಗೆ ಅಂಟಿದ ಅಂಚಿನ ಕೆಸರನ್ನು ಕೆರೆದು ಬಿಸಾಡಿ. ಕೊಳವೆ ಇಳಿಯುವಾಗ ಮೇಲಿನ ಕೆಸರು ಅದರ ಗೋಡೆ ಹಿಡಿದು ಕೆಳಗೆ ಬಂದಿರುತ್ತದೆ.