ಆಕ್ಸ್‌ಗೆ ಹಾಕಿದರೆ ಸದ್ದು ಏಕೆ ಸಣ್ಣದು
ಚಿಕ್ಕಮಗಳೂರಿನ ಮನೆಯಲ್ಲಿ ಹಳೇ ಟರ್ನ್‌ಟೇಬಲನ್ನು (ರೆಕಾರ್ಡ್ ಪ್ಲೇಯರ್) ಹೊಸ ಆಂಪ್ಲಿಫೈಯರಿನ ಆಕ್ಸ್‌ಗೆ (ಫೋನ್, ಸಿಡಿ ಪ್ಲೇಯರ್ ಹಾಕುವ ಸಾಮಾನ್ಯ ಇನ್‌ಪುಟ್) ಹಾಕಿದರೆ ಸದ್ದು ತೀರಾ ಸಣ್ಣ, ಬೇಸ್ ಇಲ್ಲ, ಗುಂಯ್ ಅನ್ನುತ್ತೆ ಅಂದಿದ್ದೀರಿ. ಆಂಪ್ ಕೆಟ್ಟಿರಲಿಕ್ಕಿಲ್ಲ. ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಸೂಜಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೊಡುವುದೇ ಸುಮಾರು 3ರಿಂದ 5 ಮಿಲಿವೋಲ್ಟ್; ಆಕ್ಸ್‌ಗೆ ಅದರ ನೂರು ಪಟ್ಟಾದರೂ ಬೇಕು. ಮೇಲಾಗಿ ಎಲ್‌ಪಿ ರೆಕಾರ್ಡ್ ಕೊರೆಯುವಾಗಲೇ ಬೇಸ್ ತಗ್ಗಿಸಿ ಟ್ರೆಬಲ್ (ತೀಕ್ಷ್ಣ ಸ್ವರ) ಏರಿಸಿರುತ್ತಾರೆ. ಅದನ್ನು ಮತ್ತೆ ಸಮ ಮಾಡುವ ಆರ್‌ಐಎಎ ಸರ್ಕ್ಯೂಟ್ ಆಕ್ಸ್‌ನಲ್ಲಿಲ್ಲ.

47 ಕಿಲೋಓಮ್ ಇನ್‌ಪುಟ್, ಸುಮಾರು 40 ಡೆಸಿಬಲ್ ಗೇನ್ (ಅಂದರೆ ನೂರು ಪಟ್ಟು ಏರಿಕೆ) ಇರುವ, ಈ ಎರಡೂ ಕೆಲಸ ಮಾಡುವ ಫೋನೋ ಪ್ರೀಆಂಪ್ ನಡುವೆ ಹಾಕಿ. ಟರ್ನ್‌ಟೇಬಲಿನ ತೆಳು ಗ್ರೌಂಡ್ ತಂತಿಯನ್ನು ಪ್ರೀಆಂಪಿನ ಗ್ರೌಂಡ್ ಸ್ಕ್ರೂಗೆ ಬಿಗಿಯಿರಿ; ಗುಂಯ್ ಬಹುಪಾಲು ಅಲ್ಲೇ ನಿಲ್ಲುತ್ತೆ. ನಿಲ್ಲದಿದ್ದರೆ ಆರ್‌ಸಿಎ ಪಿನ್ (ಕೇಬಲಿನ ತುದಿಯ ಪ್ಲಗ್) ನೋಡಿ. ಮಲೆನಾಡಿನ ತೇವಕ್ಕೆ ಕಿಲುಬು ಹಿಡಿದಿರಬಹುದು, ಪವರ್ ತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ.