ಶೇ 98 ಬಂತು, ಆದರೂ ಅಂಗಡಿಯಲ್ಲಿ ನಡೆಯಲಿಲ್ಲ

ಪ್ರಶ್ನೆ: ಸಂಜ್ಞಾ ಭಾಷೆಯನ್ನು ಆ ಕ್ಷಣವೇ ಕನ್ನಡ ಮಾತಾಗಿಸುವ ಎಐ ಪ್ರಾಜೆಕ್ಟ್ ಮಾಡಿದ್ದೇವೆ. ಲ್ಯಾಬಿನಲ್ಲಿ ನಿಖರತೆ ಶೇ 98. ಔಷಧ ಅಂಗಡಿಯಲ್ಲಿ ಕಿವುಡರೊಬ್ಬರ ಎದುರು ಇಟ್ಟರೆ ಒಂದೂ ಸರಿ ಬರಲಿಲ್ಲ. ಯಾಕೆ?
– ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಹುಬ್ಬಳ್ಳಿ

ಪ್ರಾಜೆಕ್ಟ್ ಸಲ್ಲಿಸುವ ಹಂಗಾಮು ಬಂದರೆ ಈ ಪ್ರಶ್ನೆಯೂ ಬರುತ್ತದೆ. ಆ 98ನ್ನು ಮೊದಲು ವರದಿಯಿಂದ ಅಳಿಸಿ. ಗೆಳೆಯರೇ ವಿಡಿಯೊ ಮಾಡಿಕೊಂಡು, ಎಲ್ಲ ಫ್ರೇಮುಗಳನ್ನು ಕಲಸಿ, 80 ಪಾಲು ಕಲಿಕೆಗೆ, 20 ಪಾಲು ಪರೀಕ್ಷೆಗೆ ಎಂದು ಹಂಚಿರುತ್ತೀರಿ. ಒಂದೇ ವಿಡಿಯೊದ ಅಕ್ಕಪಕ್ಕದ ಫ್ರೇಮುಗಳು ಎರಡೂ ಕಡೆ ಬಿದ್ದಾಗ ಮಾಡೆಲ್ ನಿಮ್ಮ ಅಂಗಿ, ಹಿಂದಿನ ಗೋಡೆಯನ್ನೇ ಬಾಯಿಪಾಠ ಮಾಡುತ್ತದೆ. ವ್ಯಕ್ತಿವಾರು ಹಂಚಿ. ಪರೀಕ್ಷೆಗೆ ಇಟ್ಟವರ ಒಂದು ಫ್ರೇಮೂ ಕಲಿಕೆಗೆ ಹೋಗಬಾರದು. ಅಂಕಿ ಧಡ್ ಎಂದು ಬೀಳುತ್ತದೆ, ಬೀಳಲಿ. ಅದೇ ನಿಜ.

ಎರಡನೆಯದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಅಕ್ಷರಗಳ ಚಿತ್ರಸಂಗ್ರಹ. ಬಹಳಷ್ಟು ಅಮೆರಿಕದ್ದು, ಒಂದು ಕೈಯ ಅಕ್ಷರಗಳು. ಭಾರತೀಯ ಸಂಜ್ಞಾ ಭಾಷೆಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಹೆಚ್ಚಾಗಿ ಎರಡೂ ಕೈ ಬೇಕು. ಅದಿರಲಿ, ಔಷಧ ಕೊಳ್ಳಲು ಬಂದವರು ಅಕ್ಷರಅಕ್ಷರ ಜೋಡಿಸುತ್ತಾ ನಿಲ್ಲುತ್ತಾರೆಯೇ? ಅಂಗಡಿಗೆ ಬೇಕಾದ 30 ಸಂಜ್ಞೆ ಆರಿಸಿ. ಒಂದೊಂದನ್ನೂ ಕನಿಷ್ಠ ಹತ್ತು ಜನ ಕಿವುಡರಿಂದ, ತಲಾ 15 ಸಲ ಮಾಡಿಸಿ. ಊರಿಂದೂರಿಗೆ, ಶಾಲೆಯಿಂದ ಶಾಲೆಗೆ ಸಂಜ್ಞೆ ಬದಲಾಗುವುದರಿಂದ ಹುಬ್ಬಳ್ಳಿ-ಧಾರವಾಡದವರೇ ಇರಲಿ. ಅವರ ಹೊತ್ತಿಗೆ ದುಡ್ಡು ಕೊಡಿ, ಪ್ರಮಾಣಪತ್ರ ಕೊಟ್ಟು ಕಳಿಸಬೇಡಿ.

ಚಿತ್ರವನ್ನೇ ಉಣಿಸುವ ಬದಲು ಮೀಡಿಯಾಪೈಪ್‌ನಿಂದ (ವಿಡಿಯೊದಲ್ಲಿ ಕೈ, ಮೈ, ಮುಖದ ಗುರುತುಬಿಂದುಗಳನ್ನು ಹುಡುಕುವ ಗೂಗಲ್‌ನ ಉಚಿತ ತಂತ್ರಾಂಶ) ಬಿಂದುಗಳನ್ನು ತೆಗೆಯಿರಿ: ಕೈಗೆ 21ರಂತೆ, ಮೈಗೆ 33, ಮುಖಕ್ಕೆ 468. ಎರಡು ಭುಜಗಳ ನಡುಬಿಂದುವನ್ನು ಸೊನ್ನೆ ಮಾಡಿ, ಭುಜದ ಅಗಲದಿಂದ ಭಾಗಿಸಿ. ಇಲ್ಲವಾದರೆ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದರೂ ಲೆಕ್ಕ ತಪ್ಪುತ್ತದೆ. ಕೈ ಮೇಲೆ ಕೈ ಬಂದಾಗ ಬಿಂದುಗಳು ಕಾಣೆಯಾಗುತ್ತವೆ. ಸೊನ್ನೆ ತುಂಬದೆ ಹಿಂದಿನ-ಮುಂದಿನ ಫ್ರೇಮುಗಳಿಂದ ಅಂದಾಜಿಸಿ. ಬೆಳಕು ಮುಂದಿನಿಂದ ಬೀಳಲಿ. ಮಬ್ಬಿನಲ್ಲಿ ಕ್ಯಾಮೆರಾ ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ ಬೆರಳುಗಳು ಕಲಸಿಹೋಗುತ್ತವೆ. ಸುಮ್ಮನೆ ನಿಂತಿರುವುದು, ತಲೆ ಕೆರೆಯುವುದು, ಚೀಲ ಹುಡುಕುವುದನ್ನೂ ‘ಸಂಜ್ಞೆಯಲ್ಲ’ ಎಂಬ ವರ್ಗದಲ್ಲಿ ಕಲಿಸಿ. ಇದನ್ನು ಬಿಟ್ಟವರ ಯಂತ್ರ ಮೀಸೆ ತಿರುವಿದರೂ ಮಾತಾಡುತ್ತದೆ.

ಇನ್ನು ‘ಆ ಕ್ಷಣವೇ’ ಎಂಬ ಹಟ. ಈ ಭಾಷೆಯಲ್ಲಿ ನಿಷೇಧ, ಪ್ರಶ್ನಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ಹೌದು-ಅಲ್ಲ ಪ್ರಶ್ನೆಯನ್ನು ಹುಬ್ಬೇ ಕೇಳುತ್ತದೆ. ‘ಗುಳಿಗೆ ನುಂಗಿದೆ’ ಎಂದು ನಿಮ್ಮ ಫೋನು ಒದರಿದ ಮೇಲೆ ‘ಇಲ್ಲ’ ಬಂದರೆ? ಕೈ ಇಳಿದು ಅರ್ಧ ಸೆಕೆಂಡ್ ಆಗುವ ತನಕ ಬಾಯಿ ಬಿಡಬಾರದು. ಮಾಡೆಲಿಗೆ ಖಾತ್ರಿ ಇಲ್ಲದಿದ್ದರೆ ‘ತಿಳಿಯಲಿಲ್ಲ, ಮತ್ತೊಮ್ಮೆ’ ಎನ್ನಲಿ. ಆ ಖಾತ್ರಿಯ ಮಿತಿಯನ್ನೂ ಹೊಸಬರ ವಿಡಿಯೊ ಮೇಲೆಯೇ ಗೊತ್ತುಮಾಡಿ. ಸಂಜ್ಞೆಯನ್ನು ಇಂಗ್ಲಿಷಿಗೆ ತಂದು ಅಲ್ಲಿಂದ ಕನ್ನಡಕ್ಕೆ ತರುವ ಸುತ್ತುದಾರಿಯೂ ಬೇಡ. ಕ್ರಿಯಾಪದ ಕೊನೆಗಿಡುವ ಎರಡು ಭಾಷೆಗಳ ನಡುವೆ ಅದು ಪದಗಳನ್ನು ವೃಥಾ ಅದಲುಬದಲು ಮಾಡುತ್ತದೆ.

ಪ್ರಶ್ನೆ: ಸೆನ್ಸರ್ ಕೈಗವಸು ಮಾಡಿದರೆ ಹೇಗೆ? – ಗದಗ
ಬೇಡ. ಹುಬ್ಬಿಗೆ ಕೈಗವಸು ಇಲ್ಲ.

ಪ್ರಶ್ನೆ: ಆಸ್ಪತ್ರೆಯಲ್ಲಿ ದುಭಾಷಿ ಬದಲು ಆ್ಯಪ್ ಸಾಕೇ? – ರಾಣೆಬೆನ್ನೂರು
ಟೋಕನ್ ಕೊಡಲು ಸಾಕು. ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ, ಪೊಲೀಸ್ ಹೇಳಿಕೆಗೆ ಮನುಷ್ಯ ದುಭಾಷಿಯೇ ಬೇಕು. ಈ ವಿಷಯದಲ್ಲಿ ನಾನು ಹಟಮಾರಿ.

ಪ್ರಶ್ನೆ: ಸಂಜ್ಞೆ ಕಲಿಸಿದರೆ ಕಿವಿ ಕೇಳದ ಮಗು ಮಾತೇ ಆಡುವುದಿಲ್ಲವಂತೆ, ಕಿವಿಗೆ ಎಣ್ಣೆ ಬಿಟ್ಟರೆ ಕೇಳುತ್ತದಂತೆ? – ಹಾವೇರಿ
ಎರಡೂ ಸುಳ್ಳು. ಎಣ್ಣೆ ಮಾರುವವನನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ಈ ವಾರವೇ ಶ್ರವಣ ತಜ್ಞರ ಬಳಿ ಬೆರಾ ಪರೀಕ್ಷೆ (ಶಬ್ದಕ್ಕೆ ಕಿವಿಯ ನರ, ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವುದು) ಮಾಡಿಸಿ. ಫಲಿತಾಂಶ ಏನೇ ಬರಲಿ, ಸಂಜ್ಞೆ ಕಲಿಸಲು ಕಾಯಬೇಡಿ. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳಿಗೆ ವಿಸ್ತರಿಸಿದ ವಿಡಿಯೊ ನಿಘಂಟು ಉಚಿತವಾಗಿದೆ. ಮನೆಮಂದಿಯೆಲ್ಲ ಕೂತು ದಿನಕ್ಕೆ ಐದು ಪದ ಕಲಿಯಿರಿ, ಅಜ್ಜ-ಅಜ್ಜಿಯರನ್ನೂ ಸೇರಿಸಿಕೊಂಡು.